ಎಲೆಕ್ಟ್ರಾನುಗಳ ಸುಳಿಯೂ ಗಣಕಯಂತ್ರಗಳ ಸಹಕಾರವೂ

ಮೈಕ್ರೋವೇವ್ ಒಲೆಯನ್ನು ನಮ್ಮ ವಿದ್ಯಾರ್ಥಿಗಳಲ್ಲಿ ಹಲವರು ನೋಡಿರಬಹುದು. ಅದರೊಳಗೆ ಬೆಂಕಿಯಿಲ್ಲ, ಮ್ಯಾಗ್ನೆಟ್ರಾನ್ ಎಂಬ ಸಣ್ಣ ನಳಿಗೆಯೊಂದಿದೆ. ಸೆಕೆಂಡಿಗೆ 245 ಕೋಟಿ ಸಲ ಆಂದೋಲಿಸುವ ಅಲೆಗಳು ಅಲ್ಲಿಂದ ಹೊರಡುತ್ತವೆ. ನಳಿಗೆಯ ನಡುವೆ ಕಾದ ತಂತಿ, ಸುತ್ತಲೂ ಗೂಡುಗಳುಳ್ಳ ತಾಮ್ರದ ಬಳೆ, ಮೇಲೆ ಕೆಳಗೆ ಅಯಸ್ಕಾಂತ. ತಂತಿಯಿಂದ ಹೊಮ್ಮಿದ ಎಲೆಕ್ಟ್ರಾನುಗಳು ಸುಮಾರು 4000 ವೋಲ್ಟಿನ ಸೆಳೆತಕ್ಕೆ ಸಿಕ್ಕಿ ನೇರವಾಗಿ ತಾಮ್ರದತ್ತ ಧಾವಿಸಬೇಕಷ್ಟೆ. ಆದರೆ ಕಾಂತಶಕ್ತಿಯು ಅವುಗಳ ಹಾದಿಯನ್ನು ಬಾಗಿಸುತ್ತದೆ. ಹೀಗೆ ಏರ್ಪಟ್ಟ ಸುಳಿಯು ಬಂಡಿಗಾಲಿಯ ಅರಗಳಂತೆ ಕೈಚಾಚಿ ತಿರುಗುತ್ತ, ತನ್ನ ಶಕ್ತಿಯನ್ನು ಗೂಡುಗಳಲ್ಲಿನ ಅಲೆಗೆ ಒಪ್ಪಿಸುತ್ತದೆ. ಇಂಥ ಕಣಸಮೂಹವನ್ನು ಪ್ಲಾಸ್ಮಾದ ಒಂದು ಬಗೆಯೆಂದೇ ವಿಜ್ಞಾನಿಗಳು ಎಣಿಸುತ್ತಾರೆ.

1940ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದ ರ‍್ಯಾಂಡಲ್ ಮತ್ತು ಬೂಟ್ ಎಂಬವರು ಇಂಥ ನಳಿಗೆಯನ್ನು ನಡೆಸಿ ತೋರಿಸಿದರು. ಯುದ್ಧಕಾಲದ ರೇಡಾರಿಗೆ ಅದು ಜೀವಾಳವಾಯಿತು. ನಳಿಗೆ ಕೆಲಸಮಾಡಿತು ನಿಜ. ಆದರೆ ಒಳಗೆ ನಡೆಯುವುದೇನು? ಮ್ಯಾಂಚೆಸ್ಟರಿನಲ್ಲಿ ಹಾರ್ಟ್ರಿಯವರೂ ಅವರ ಜೊತೆಗಾರರಾದ ಬುನೆಮನ್ನರೂ ಎಲೆಕ್ಟ್ರಾನುಗಳ ಹಾದಿಯನ್ನು ಲೆಕ್ಕಹಾಕತೊಡಗಿದರು. ಇಲ್ಲೊಂದು ತೊಡಕಿದೆ. ವಿದ್ಯುತ್‌ಕ್ಷೇತ್ರವು ಎಲೆಕ್ಟ್ರಾನನ್ನು ನಡೆಸುತ್ತದೆ. ಆ ಕ್ಷೇತ್ರವನ್ನಾದರೋ ಎಲೆಕ್ಟ್ರಾನುಗಳೇ ಮಾರ್ಪಡಿಸುತ್ತವೆ. ಉತ್ತರ ದೊರೆತೊಡನೆ ಪ್ರಶ್ನೆಯೇ ಬದಲಾಗುವ ಲೆಕ್ಕವಿದು!

ಒಂದು ಲಕ್ಷ ಕಣಗಳಿದ್ದರೆ, ಎರಡೆರಡರ ಜೋಡಿಗಳು ಸುಮಾರು 500 ಕೋಟಿ. ಪ್ರತಿಯೊಂದರ ಬಲವನ್ನೂ ಎಣಿಸುತ್ತ ಕುಳಿತರೆ ಮುಗಿಯದು. ಆದುದರಿಂದ ಅನೇಕಾನೇಕ ಎಲೆಕ್ಟ್ರಾನುಗಳಿಗೆ ಪ್ರತಿನಿಧಿಯಾಗಿ ಒಂದು ಕಣವನ್ನಿಟ್ಟು, ನಳಿಗೆಯ ಒಳಗನ್ನು ಚೌಕಳಿಗಳಾಗಿ ವಿಭಾಗಿಸುತ್ತಾರೆ. ಕಣಗಳ ವಿದ್ಯುದಂಶವನ್ನು ಚೌಕಳಿಯ ಮೂಲೆಗಳಿಗೆ ಹಂಚಿ, ಮ್ಯಾಕ್ಸ್‌ವೆಲ್ಲರ ಸಮೀಕರಣಗಳಿಂದ ಕ್ಷೇತ್ರವನ್ನು ಕಂಡುಹಿಡಿದು, ಕಣಗಳನ್ನು ತುಸು ಮುಂದೆ ಸರಿಸಿ, ಪುನಃ ಮೊದಲಿನಿಂದ ತೊಡಗುತ್ತಾರೆ. ಆ ‘ತುಸು’ ಎಷ್ಟು? ಸಾಮಾನ್ಯ ವಿಧಾನದಲ್ಲಿ, ಒಂದು ಹೆಜ್ಜೆಯ ಅವಧಿಯಲ್ಲಿ ಬೆಳಕು ಒಂದು ಚೌಕಳಿಯನ್ನು ದಾಟಬಾರದು. ಚೌಕಳಿಯ ಅಗಲ ಮಿಲಿಮೀಟರಿನ ಹತ್ತನೆಯ ಒಂದಂಶವಾದರೆ, ಒಲೆಯ ಅಲೆಯ ಒಂದೇ ಆಂದೋಲನಕ್ಕೆ 1200ಕ್ಕೂ ಮಿಕ್ಕ ಹೆಜ್ಜೆಗಳು ಬೇಕು. (ಬೆಳಕಿನ ವೇಗವನ್ನು ಬಲ್ಲ ಮೇಲ್ತರಗತಿಯವರು ಇದನ್ನು ತಾವೇ ಗುಣಿಸಿ ನೋಡಲಿ.)

ಒಂದು ಯಂತ್ರಕ್ಕೆ ಈ ಹೊರೆ ಮಿತಿಮೀರಿದ್ದು. ಆದುದರಿಂದ ನಳಿಗೆಯನ್ನು ತುಂಡುಗಳಾಗಿ ವಿಂಗಡಿಸಿ, ತುಂಡಿಗೊಂದರಂತೆ ಗಣಕಗಳಿಗೆ ವಹಿಸುತ್ತಾರೆ. ನಲವತ್ತು ಹುಡುಗರಿಗೆ ದೀರ್ಘವಾದ ಲೆಕ್ಕವೊಂದನ್ನು ಹಂಚಿಕೊಟ್ಟಂತೆ. ಚೌಕಳಿಯ ಕ್ಷೇತ್ರವು ಮರುಹೆಜ್ಜೆಯಲ್ಲಿ ನೆರೆಯ ಚೌಕಳಿಗಳನ್ನು ಮಾತ್ರ ಅವಲಂಬಿಸುವುದರಿಂದ, ಪ್ರತಿ ಗಣಕವೂ ಪಕ್ಕದವನಿಗಷ್ಟೇ ಚೀಟಿ ದಾಟಿಸಿದರೆ ಸಾಕು. ಗಡಿ ದಾಟಿದ ಕಣವನ್ನೂ ಹಾಗೆಯೇ ಒಪ್ಪಿಸಬೇಕು. ಆದರೆ ಸುಳಿಯ ಕೈಗಳು ತಿರುಗುತ್ತಿವೆಯಲ್ಲವೆ! ಕೈ ಬಂದ ತುಂಡಿನವನಿಗೆ ಉಸಿರಾಡಲು ಬಿಡುವಿಲ್ಲ. ಬರಿದಾದ ತುಂಡಿನವನು ಸುಮ್ಮನೆ ಕಾಯುತ್ತಾನೆ. ಗಣಕಗಳನ್ನು ಇಮ್ಮಡಿಸಿದರೂ ಕಾಲವು ಅರ್ಧಕ್ಕಿಳಿಯದಿರುವುದಕ್ಕೆ ಇದೊಂದು ಕಾರಣ. ತುಂಡುಗಳ ಗಡಿಗಳನ್ನು ಆಗಾಗ ಸರಿಸಿ ಹೊರೆಯನ್ನು ಸಮಗೊಳಿಸುವುದುಂಟು.

ಇಷ್ಟಾದರೂ ಫಲಿತಾಂಶವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಚೌಕಳಿಗಳು ತೀರ ಒರಟಾದರೆ, ಕಾಗದದ ಮೇಲಿನ ಎಲೆಕ್ಟ್ರಾನುಗಳು ನಿಷ್ಕಾರಣವಾಗಿ ಬಿಸಿಯೇರುತ್ತವೆ. ಆ ಬಿಸಿ ಲೆಕ್ಕದ ತಪ್ಪಿನಿಂದ ಹುಟ್ಟಿದ್ದೇ ಹೊರತು ನಳಿಗೆಯದಲ್ಲ. ಆದುದರಿಂದ ಚೌಕಳಿಯನ್ನು ಕಿರಿದುಮಾಡಿ ಅದೇ ಲೆಕ್ಕವನ್ನು ಮತ್ತೊಮ್ಮೆ ನಡೆಸಿ, ಎರಡು ಉತ್ತರಗಳನ್ನೂ ನಿಜವಾದ ನಳಿಗೆಯ ಅಳತೆಗಳ ಪಕ್ಕದಲ್ಲಿಟ್ಟು ನೋಡುತ್ತಾರೆ.