ದೇವರನ್ನು ನಂಬದವರಿಗೂ ಜೊತೆ ಬೇಕು

ದೇವರನ್ನು ನಂಬದವರಿಗೆ ಸಂಘ ಯಾಕೆ, ಅದೂ ಇನ್ನೊಂದು ಮತವೇ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನಾಮಕರಣ, ಮದುವೆ, ತಿಥಿ ಎಲ್ಲವೂ ಜಾತಿ, ಮಠ, ದೇವಸ್ಥಾನಗಳ ಸುತ್ತಲೇ ನಡೆಯುವ ನಮ್ಮಲ್ಲಿ, ನಂಬಿಕೆ ಬಿಟ್ಟವರು ಎಷ್ಟೋ ಸಲ ನಂಟನ್ನೂ ಕಳೆದುಕೊಳ್ಳುತ್ತಾರೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ಪುರೋಹಿತರಿಲ್ಲದೆ ಮದುವೆಯಾಗಬಹುದು, ನಿಜ. ಆದರೆ ಅದಕ್ಕೂ ಜೊತೆಗೆ ನಿಲ್ಲುವ ಮೂವರು ಸಾಕ್ಷಿಗಳು ಬೇಕು. ಇನ್ನು, ಸಂಘ ಮತವಾಗದಿರಲು ಒಂದೇ ಪರೀಕ್ಷೆ: ಅಲ್ಲಿನ ಮುಖಂಡರನ್ನೂ ಪ್ರಶ್ನಿಸಬಹುದೇ?

ಇಂಥ ಜೊತೆಯ ಹುಡುಕಾಟವನ್ನು ಕನ್ನಡದಲ್ಲೇ ಶುರುಮಾಡಬಹುದು. ಎ.ಎನ್. ಮೂರ್ತಿರಾಯರ ‘ದೇವರು’ ಯಾರನ್ನೂ ಹಂಗಿಸದೆ, ಸಾವಧಾನವಾಗಿ ವಾದಿಸುವ ಪುಸ್ತಕ. ನನ್ನ ಮಟ್ಟಿಗೆ ಮೊದಲು ಓದಬೇಕಾದ್ದು ಅದೇ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಸೈನ್ಸ್ ಫೋರಂ ಕಟ್ಟಿದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ರಚಿಸಿದರು. ಮಂಗಳೂರಿನಲ್ಲಿ ವಿಚಾರವಾದಿಗಳ ಸಂಘವಿದೆ. ನೆರೆ ರಾಜ್ಯದ ವಿಜಯವಾಡದಲ್ಲಿ ಗೋರಾ ದಂಪತಿ ಕಟ್ಟಿದ ನಾಸ್ತಿಕ ಕೇಂದ್ರವಿದೆ.

ದೇವರನ್ನು, ಪವಾಡಗಳನ್ನು ಹೀಗೆ ಪ್ರಶ್ನಿಸುವುದರಿಂದ ಭಕ್ತರ ಮನಸ್ಸು ನೋಯುವುದಿಲ್ಲವೇ? ನೋಯಬಹುದು, ಅದಕ್ಕೇ ಮಾತಿನಲ್ಲಿ ಮರ್ಯಾದೆ ಇರಬೇಕು. ಆದರೆ ಸಂವಿಧಾನದ 25ನೇ ವಿಧಿ ಕಾಪಾಡುವುದು ಪೂಜಿಸುವವರನ್ನು ಮಾತ್ರವಲ್ಲ. ಆತ್ಮಸಾಕ್ಷಿಯ ಸ್ವಾತಂತ್ರ್ಯ ನಂಬದವರಿಗೂ ಸೇರಿದ್ದು. ವೈಜ್ಞಾನಿಕ ಮನೋಭಾವ ಬೆಳೆಸುವುದನ್ನಂತೂ 51ಎ ವಿಧಿ ಪ್ರತಿ ನಾಗರಿಕರ ಕರ್ತವ್ಯವೆಂದೇ ಹೇಳುತ್ತದೆ.