ವಿಜಯಪುರದಲ್ಲಿ ಒಂದು ವಾರಾಂತ್ಯ

ಶನಿವಾರ ಬೆಳಗ್ಗೆ, ಗೋಳಗುಮ್ಮಟ. ಜನಜಂಗುಳಿ ಸೇರುವ ಮೊದಲೇ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಮೂಲೆಯ ಗೋಪುರದ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಪಿಸುಮಾತಿನ ಗ್ಯಾಲರಿ ಸೇರಿದ್ದಾರೆ. ಒಬ್ಬಳು ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಬದಿಯ ಗೆಳತಿಗೆ ಸ್ಪಷ್ಟವಾಗಿ ಕೇಳುತ್ತದೆ.

ಮೋಜು ಮುಗಿದ ಮೇಲೆ ಮೇಷ್ಟ್ರು ತೋರಿಸುವುದು ಕಮಾನುಗಳನ್ನು. ಒಳಗೆ ಸುಮಾರು 38 ಮೀಟರ್ ಅಗಲದ ಗುಮ್ಮಟ, ನಡುವೆ ಒಂದೂ ಕಂಬವಿಲ್ಲ! ಒಂದನ್ನೊಂದು ಹಾದು ಹೆಣೆದುಕೊಂಡ ಎಂಟು ಕಮಾನುಗಳು ಚೌಕದ ಕೋಣೆಯನ್ನು ಮೇಲೇರುತ್ತ ವೃತ್ತಕ್ಕೆ ಒಗ್ಗಿಸುತ್ತವೆ. ಭಾರವೆಲ್ಲ ದಪ್ಪ ಗೋಡೆಗಳಿಗೆ ಇಳಿಯುತ್ತದೆ. 1656ರಲ್ಲಿ ತೀರಿಕೊಂಡ ಇಲ್ಲಿನ ಸುಲ್ತಾನ ಮಹಮ್ಮದ್ ಆದಿಲ್‌ಶಾಹನ ಸಮಾಧಿ ಇದು.

ಮಧ್ಯಾಹ್ನ ಇನ್ನೊಂದು ಸಮಾಧಿ, ಇಬ್ರಾಹಿಂ ರೋಜಾ. ಕಿಟಕಿಗಳಲ್ಲಿ ಅರಬ್ಬಿ ಅಕ್ಷರಗಳನ್ನೇ ಕಲ್ಲಿನ ಜಾಲರಿಯಾಗಿ ಕೊರೆದಿದ್ದಾರೆ. ಸ್ಕೆಚ್ ಮಾಡಲು ಗುಮ್ಮಟಕ್ಕಿಂತ ಇದೇ ಕಷ್ಟ.

ಭಾನುವಾರ ವಿಜಯಪುರ ಬಿಟ್ಟು ಪಟ್ಟದಕಲ್ಲಿಗೆ: ನಾಗರ, ದ್ರಾವಿಡ ಶೈಲಿಯ ಶಿಖರಗಳು ಒಂದೇ ಅಂಗಳದಲ್ಲಿ, ಜೊತೆಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ದೇಗುಲ.