ಕಳ್ಳರ ಸಂತೆಯಲ್ಲಿ ಖೋಟಾ ಸರಕು

ಕಳ್ಳತನವನ್ನು ತಡೆಯುವುದಕ್ಕೆ ಲೋಕದಲ್ಲಿ ಹಲವು ಉಪಾಯಗಳುಂಟು. ಬಾಗಿಲಿಗೆ ಬೀಗ ಹಾಕುವುದು ಒಂದು; ಕಾವಲುಗಾರನನ್ನು ಇಡುವುದು ಇನ್ನೊಂದು; ಸಿಕ್ಕಿದವನನ್ನು ನ್ಯಾಯಾಲಯಕ್ಕೆ ಎಳೆಯುವುದು ಮೂರನೆಯದು. ಈ ಮೂರೂ ಸಾಲದೆ ಹೋದಾಗ, ಮನೆಯ ಯಜಮಾನನೇ ಕಳ್ಳರ ಸಂತೆಗೆ ಹೋಗಿ, ತನ್ನ ಸರಕಿನ ಹೆಸರಿನಲ್ಲಿಯೇ ಜೊಳ್ಳಿನ ಮೂಟೆಗಳನ್ನು ರಾಶಿ ಹಾಕಿ ಬಂದರೆ ಹೇಗೆ? ಕೇಳುವುದಕ್ಕೆ ವಿನೋದದ ಕಥೆಯಂತಿದೆ. ಆದರೆ ಈ ಶತಮಾನದ ಮೊದಲ ಹತ್ತು ವರ್ಷಗಳಲ್ಲಿ ಅಮೆರಿಕದ ಸಂಗೀತೋದ್ಯಮವು ನಿಜವಾಗಿಯೂ ಈ ಉಪಾಯವನ್ನು ಹೂಡಿತು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನನಗೆ ಈ ಪ್ರಸಂಗವು ಬಹಳ ಬೋಧಪ್ರದವಾಗಿ ಕಂಡಿದೆ. ಸುಳ್ಳಿನಿಂದ ಕಳವನ್ನು ಗೆಲ್ಲಬಹುದೆ ಎಂಬ ಪ್ರಶ್ನೆಗೆ ಇದರಲ್ಲಿ ಒಂದು ಉತ್ತರವಿದೆ.

ಮೊದಲು ಸಂತೆಯ ವಿಚಾರ. ಒಂದು ಹಾಡನ್ನು ಇದ್ದಂತೆಯೇ ಕಂಪ್ಯೂಟರಿನಲ್ಲಿ ಇಡಬೇಕಾದರೆ ಬಹಳ ಜಾಗ ಬೇಕು. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ವಿಜ್ಞಾನಿಗಳೇ ಮೊದಲಾದವರು ರೂಪಿಸಿದ ‘ಎಂಪಿ ಥ್ರೀ’ ಎಂಬ ವಿಧಾನವು, ನಮ್ಮ ಕಿವಿಗೆ ಗೊತ್ತಾಗದ ಅಂಶಗಳನ್ನು ತೆಗೆದುಹಾಕಿ, ಹಾಡನ್ನು ಸುಮಾರು ಹತ್ತರಲ್ಲೊಂದು ಪಾಲಿಗೆ ಕುಗ್ಗಿಸಿತು. ಹೀಗೆ ಹಗುರವಾದ ಹಾಡು ದೂರವಾಣಿಯ ತಂತಿಯ ಮೇಲೆ ಸುಲಭವಾಗಿ ಓಡಾಡತೊಡಗಿತು. ೧೯೯೯ರ ಜೂನ್ ತಿಂಗಳಿನಲ್ಲಿ, ಕಾಲೇಜಿನ ಓದನ್ನು ಅರ್ಧಕ್ಕೆ ಬಿಟ್ಟ ಹದಿನೆಂಟರ ತರುಣ ಷಾನ್ ಫ್ಯಾನಿಂಗ್ ಎಂಬಾತನು ‘ನ್ಯಾಪ್‌ಸ್ಟರ್’ ಎಂಬ ಏರ್ಪಾಟನ್ನು ಲೋಕಕ್ಕೆ ಬಿಟ್ಟನು. ಯಾರ ಕಂಪ್ಯೂಟರಿನಲ್ಲಿ ಯಾವ ಹಾಡಿದೆ ಎಂಬ ಪಟ್ಟಿ ಅವನ ಕಂಪೆನಿಯ ಯಂತ್ರದಲ್ಲಿರುತ್ತಿತ್ತು. ಹಾಡುಗಳು ಮಾತ್ರ ಬಳಕೆದಾರರಿಂದ ಬಳಕೆದಾರರಿಗೆ ನೇರವಾಗಿ ಹೋಗುತ್ತಿದ್ದವು. ಹಾಡಿದವನಿಗೂ ಬರೆದವನಿಗೂ ಕಾಸು ಸಲ್ಲುತ್ತಿರಲಿಲ್ಲ. ಧ್ವನಿಮುದ್ರಣ ಕಂಪೆನಿಗಳು ಅದೇ ವರ್ಷದ ಡಿಸೆಂಬರಿನಲ್ಲಿ ದಾವೆ ಹೂಡಿದವು. ಪಟ್ಟಿ ಒಂದೇ ಕಡೆ ಇದ್ದುದರಿಂದ ಅದನ್ನು ಮುಚ್ಚಿಸುವುದು ಸಾಧ್ಯವಾಯಿತು. ೨೦೦೧ರ ಜುಲೈನಲ್ಲಿ ಹಳೆಯ ನ್ಯಾಪ್‌ಸ್ಟರ್ ನಿಂತುಹೋಯಿತು.

ಆದರೆ ದೊಡ್ಡ ಬಾಗಿಲನ್ನು ಮುಚ್ಚಿದಾಗ ನೂರು ಕಿಂಡಿಗಳು ತೆರೆದುಕೊಂಡವು. ಕಜಾ, ನುಟೆಲ್ಲಾ, ಇ-ಡಾಂಕಿ ಮುಂತಾದ ಹೊಸ ಜಾಲಗಳು ಬಂದವು. ಕಜಾದಲ್ಲಿ ಹಾಡಿನ ಪಟ್ಟಿಯೂ ಒಂದೇ ಕಡೆ ಇರಲಿಲ್ಲ. ಬಳಕೆದಾರರ ಯಂತ್ರಗಳಲ್ಲಿಯೇ ಶಕ್ತಿವಂತವಾದ ಕೆಲವು ‘ಸೂಪರ್‌ನೋಡ್’ಗಳಾಗಿ, ತಮ್ಮ ನೆರೆಹೊರೆಯ ಪಟ್ಟಿಯನ್ನು ಇಟ್ಟುಕೊಳ್ಳುತ್ತಿದ್ದವು. ಒಂದು ನಿಂತರೆ ಇನ್ನೊಂದು ಆ ಕೆಲಸಕ್ಕೆ ಬರುತ್ತಿತ್ತು. ಸಂತೆಯನ್ನು ಮುಚ್ಚುವುದು ಕಷ್ಟವಾದ ಮೇಲೆ ಉಳಿದ ದಾರಿ ಸಂತೆಯ ಸರಕನ್ನೇ ಕೆಡಿಸುವುದು.

ಈ ಉಪಾಯದ ಬೀಜ ನ್ಯಾಪ್‌ಸ್ಟರಿನ ಕಾಲದಲ್ಲಿಯೇ ಮೊಳೆತಿತ್ತು. ೨೦೦೦ದಲ್ಲಿ ಬೇರ್‌ನೇಕೆಡ್ ಲೇಡೀಸ್ ಎಂಬ ಕೆನಡದ ಗಾಯಕರ ತಂಡವು ತನ್ನ ಹೊಸ ಹಾಡುಗಳ ಹೆಸರಿನಲ್ಲಿ ಕೆಲವು ಫೈಲುಗಳನ್ನು ಜಾಲಕ್ಕೆ ಬಿಟ್ಟಿತು. ಹಾಡು ಆರಂಭವಾಗಿ, ಕೇಳುವವನು ತಲೆದೂಗುವಷ್ಟರಲ್ಲಿ ಅದು ನಿಂತು, ಗಾಯಕರೇ ತಮ್ಮ ಹೊಸ ಧ್ವನಿಮುದ್ರಿಕೆಯ ವಿಷಯವನ್ನು ತಮಾಷೆಯಾಗಿ ಹೇಳುತ್ತಿದ್ದರು. ಅದರಲ್ಲಿ ಕೋಪಕ್ಕಿಂತ ನಗೆಯೇ ಹೆಚ್ಚು. ೨೦೦೩ರ ಏಪ್ರಿಲಿನಲ್ಲಿ ಮಡೋನ್ನಾ ಎಂಬ ಹೆಸರಾಂತ ಗಾಯಕಿಯ ‘ಅಮೆರಿಕನ್ ಲೈಫ್’ ಹೊರಬರುವ ವೇಳೆಗೆ ನಗೆ ಮಾಯವಾಗಿತ್ತು. ಅವಳ ಹಾಡುಗಳ ಹೆಸರಿನ ಫೈಲುಗಳನ್ನು ಇಳಿಸಿಕೊಂಡವರಿಗೆ ದೊರೆತದ್ದು ಹಾಡಲ್ಲ, ಅವಳ ಕಂಠದಲ್ಲಿಯೇ ಒಂದು ಒರಟಾದ ಬೈಗುಳ. ಫಲವೇನಾಯಿತು? ಕೆಲವೇ ದಿನಗಳಲ್ಲಿ ಕಿಡಿಗೇಡಿಗಳು ಅವಳ ಸ್ವಂತ ಜಾಲತಾಣಕ್ಕೆ ನುಗ್ಗಿ, ಅಲ್ಲಿಯೇ ಆ ಹಾಡುಗಳನ್ನು ಇಟ್ಟರು. ಬೈಗುಳಕ್ಕೆ ತಾಳಮೇಳ ಕೂಡಿಸಿ ಹೊಸ ಹಾಡುಗಳನ್ನೂ ಕಟ್ಟಿದರು!

ಇಷ್ಟರಲ್ಲಿ ಖೋಟಾ ಹಾಡುಗಳನ್ನು ಹರಡುವುದೇ ಒಂದು ವೃತ್ತಿಯಾಗಿತ್ತು. ನ್ಯೂಯಾರ್ಕಿನ ಓವರ್‌ಪಿಯರ್, ಕ್ಯಾಲಿಫೋರ್ನಿಯದ ಮೀಡಿಯಾಡಿಫೆಂಡರ್ ಮುಂತಾದ ಕಂಪೆನಿಗಳು ಹಾಡಿನ ಒಡೆಯರಿಂದ ಸಂಬಳ ಪಡೆದು ಈ ಕೆಲಸ ಮಾಡುತ್ತಿದ್ದವು. ಇದು ಸಣ್ಣ ವ್ಯಾಪಾರವಲ್ಲ. ೨೦೦೫ರಲ್ಲಿ ಆರ್ಟಿಸ್ಟ್‌ಡೈರೆಕ್ಟ್ ಎಂಬ ಕಂಪೆನಿಯು ಮೀಡಿಯಾಡಿಫೆಂಡರನ್ನು ಕೊಂಡದ್ದು ೪ ಕೋಟಿ ೨೫ ಲಕ್ಷ ಡಾಲರುಗಳಿಗೆ. ಇವರ ಸರಕಿನಲ್ಲಿ ಹಲವು ಬಗೆ. ಒಂದರಲ್ಲಿ ಬರಿಯ ಮೌನ. ಒಂದರಲ್ಲಿ ಕರ್ಕಶ ಸದ್ದು. ಒಂದರಲ್ಲಿ ಪಲ್ಲವಿ ಮಾತ್ರ ಮತ್ತೆ ಮತ್ತೆ ತಿರುಗುತ್ತಿರುತ್ತದೆ. ಹೆಸರು, ಉದ್ದ, ತೂಕ ಎಲ್ಲವೂ ನಿಜವಾದ ಹಾಡಿನಂತೆಯೇ. ಇಳಿಸಿಕೊಂಡದ್ದು ತಾನಾಗಿಯೇ ಇತರರಿಗೆ ಹಂಚುವ ಗೂಡಿಗೆ ಬೀಳುತ್ತಿದ್ದುದರಿಂದ, ಅದನ್ನು ಕೇಳಿ ನೋಡಿ ಅಳಿಸದೆ ಇದ್ದವನು ತನಗರಿವಿಲ್ಲದೆ ಆ ಜೊಳ್ಳಿನ ವಿತರಕನಾಗುತ್ತಿದ್ದನು. ಸಾಂಕ್ರಾಮಿಕ ರೋಗ ಹರಡುವ ಕ್ರಮವೂ ಇದೇ ಅಲ್ಲವೆ?

ಫೈಲಿನ ಬೆರಳಗುರುತನ್ನು ನೋಡಿ ಖೋಟಾವನ್ನು ಕಂಡುಹಿಡಿಯಬಾರದೆ ಎಂದು ವಾಚಕರು ಕೇಳಬಹುದು. ಹಾಗೊಂದು ಉಪಾಯ ಉಂಟು. ಫೈಲಿನ ಅಂಶಗಳನ್ನೆಲ್ಲ ಒಂದು ಗಣಿತಸೂತ್ರದಲ್ಲಿ ಹಾಯಿಸಿದರೆ ಒಂದು ಸಂಖ್ಯೆ ಬರುತ್ತದೆ. ಅದಕ್ಕೆ ‘ಹ್ಯಾಷ್’ ಎಂದು ಹೆಸರು. ಫೈಲಿನಲ್ಲಿ ಒಂದಕ್ಷರ ಬದಲಾದರೂ ಆ ಸಂಖ್ಯೆ ಬದಲಾಗಬೇಕು. ಆದರೆ ಕಜಾದವರು ಅವಸರಕ್ಕಾಗಿ ಇಡೀ ಫೈಲನ್ನು ಅಳೆಯುತ್ತಿರಲಿಲ್ಲ. ಮೊದಲಿನ ೩೦೦ ಕಿಲೋಬೈಟು, ಆಮೇಲೆ ೧, ೨, ೪, ೮ ಮೆಗಾಬೈಟು ಹೀಗೆ ಇಮ್ಮಡಿಯಾಗುತ್ತ ಹೋಗುವ ಸ್ಥಾನಗಳಲ್ಲಿ ಅಷ್ಟಷ್ಟೇ ತುಂಡು, ಕೊನೆಯಲ್ಲಿ ಒಂದು ತುಂಡು, ಇಷ್ಟನ್ನೇ ನೋಡುತ್ತಿದ್ದರು. ೪ ಮೆಗಾಬೈಟಿನ ಹಾಡಾದರೆ ನೂರಕ್ಕೆ ಸುಮಾರು ೭೦ ಪಾಲು ಪರೀಕ್ಷೆಯೇ ಆಗುತ್ತಿರಲಿಲ್ಲ. ಮೂಟೆಯ ಬಾಯಿಯಲ್ಲಿ, ನಡುವೆ ಒಂದೆರಡು ಕಡೆ, ತಳದಲ್ಲಿ ಹಿಡಿ ಹಿಡಿ ಕಾಳನ್ನು ನೋಡಿ ಇಡೀ ಮೂಟೆಯನ್ನು ಕೊಂಡಂತೆ! ಆ ಜಾಗಗಳನ್ನು ಮಾತ್ರ ಮುಟ್ಟದೆ ಉಳಿದುದನ್ನು ಕೆಡಿಸಿದರೆ ಬೆರಳಗುರುತು ಹಾಗೆಯೇ ಉಳಿಯುತ್ತಿತ್ತು.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಪಾಲಿಟೆಕ್ನಿಕ್ ವಿಶ್ವವಿದ್ಯಾನಿಲಯದ ಸಂಶೋಧಕರು ಕಜಾದ ೨೦,೦೦೦ಕ್ಕೂ ಹೆಚ್ಚಿನ ಸೂಪರ್‌ನೋಡ್‌ಗಳಲ್ಲಿ ಬಹುಪಾಲನ್ನು ಒಂದು ಗಂಟೆಯೊಳಗೆ ಸುತ್ತಿಬರುವ ಉಪಕರಣವನ್ನು ಮಾಡಿ, ಈ ಕಲಬೆರಕೆಯನ್ನು ಅಳೆದರು. ಹೊಸದಾಗಿ ಬಂದ ಜನಪ್ರಿಯ ಹಾಡುಗಳಲ್ಲಿ ಅದು ವ್ಯಾಪಕವಾಗಿ ಹರಡಿದೆಯೆಂದು ೨೦೦೫ರಲ್ಲಿ ಪ್ರಕಟಿಸಿದರು. ಉಪಾಯ ಕೆಲಸ ಮಾಡಿತ್ತೆಂಬುದರಲ್ಲಿ ಸಂದೇಹವಿಲ್ಲ. ಹಾಗಾದರೆ ಸಂತೆ ಏಕೆ ಮುರಿಯಲಿಲ್ಲ?

ಇಲ್ಲಿ ಅರ್ಥಶಾಸ್ತ್ರದ ನೆರವು ಬೇಕು. ೧೯೭೦ರಲ್ಲಿ ಜಾರ್ಜ್ ಅಕರ್‌ಲಾಫ್ ಎಂಬ ವಿದ್ವಾಂಸರು ಹಳೆಯ ಕಾರುಗಳ ಮಾರುಕಟ್ಟೆಯನ್ನು ಕುರಿತು ಒಂದು ಪ್ರಸಿದ್ಧ ಲೇಖನ ಬರೆದರು. ಮುಂದೆ ೨೦೦೧ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಪ್ರಶಸ್ತಿಯನ್ನೂ ಪಡೆದರು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ, ಅವನು ಒಳ್ಳೆಯದಕ್ಕೂ ತಕ್ಕ ಬೆಲೆ ಕೊಡಲಾರ. ಒಳ್ಳೆಯ ಸರಕು ಹಿಂದೆ ಸರಿಯುತ್ತದೆ. ಕೊನೆಗೆ ಮಾರುಕಟ್ಟೆಯೇ ಕುಸಿಯಬಹುದು. ಕಂಪೆನಿಗಳ ಆಸೆ ಇದೇ ಆಗಿತ್ತು. ಆದರೆ ಅಕರ್‌ಲಾಫರು ಅದೇ ಲೇಖನದಲ್ಲಿ ಇನ್ನೊಂದು ಮಾತನ್ನೂ ಹೇಳಿರುವರು. ಇಂತಹ ಸಂದೇಹ ಹುಟ್ಟಿದ ಕಡೆ ಅದನ್ನು ಎದುರಿಸುವ ಏರ್ಪಾಡುಗಳೂ ಹುಟ್ಟುತ್ತವೆ: ಖಾತರಿ ಪತ್ರ, ಹೆಸರಾದ ಗುರುತು, ಪರವಾನಗಿ ಇತ್ಯಾದಿ. ಜಾಲದಲ್ಲಿ ನಡೆದದ್ದೂ ಅಕ್ಷರಶಃ ಇದೇ. ಫೈಲಿಗೆ ಬಳಕೆದಾರರು ಅಂಕ ಕೊಡುವ ಕ್ರಮ ಬಂತು. ಯಾವ ಬೆರಳಗುರುತಿನ ಫೈಲು ನಿಜವಾದದ್ದು ಎಂದು ಪಟ್ಟಿ ಮಾಡುವ ತಾಣಗಳು ಬಂದವು. ೨೦೦೩ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿದ್ವಾಂಸರು, ಯಾರು ಒಳ್ಳೆಯ ಫೈಲುಗಳನ್ನು ಕೊಡುತ್ತ ಬಂದಿರುವರೋ ಅವರ ಮಾತಿಗೆ ಹೆಚ್ಚು ತೂಕ ಕೊಡುವ ‘ಐಗನ್‌ಟ್ರಸ್ಟ್’ ಎಂಬ ಗಣಿತವನ್ನೇ ರೂಪಿಸಿದರು. ಬ್ರಾಮ್ ಕೋಹೆನ್ ೨೦೦೧ರಲ್ಲಿ ಹೊರತಂದ ಬಿಟ್‌ಟೊರೆಂಟ್ ವಿಧಾನದಲ್ಲಿ ಫೈಲಿನ ಪ್ರತಿಯೊಂದು ತುಂಡಿಗೂ ಪ್ರತ್ಯೇಕ ಬೆರಳಗುರುತಿತ್ತು. ಸುಳ್ಳು ತುಂಡು ಬಂದರೆ ಅದು ಕೂಡಲೆ ಕಸದ ಬುಟ್ಟಿಗೆ. ಜೊಳ್ಳು ಹೆಚ್ಚಾದಾಗ ಜನರು ಊಟ ಬಿಡಲಿಲ್ಲ, ಮೊರ ಹಿಡಿದರು.

ಇನ್ನು ಧರ್ಮಾಧರ್ಮದ ವಿಚಾರ. ಗಾಯಕನಿಗೂ ರಚನಕಾರನಿಗೂ ಅನ್ಯಾಯವಾದುದು ನಿಜ. ತನ್ನ ಸೊತ್ತನ್ನು ಕಾಪಾಡಿಕೊಳ್ಳುವ ಹಕ್ಕು ಅವನಿಗುಂಟು. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬ ಗಾದೆಯೂ ನಮ್ಮಲ್ಲುಂಟು. ಆದರೆ ಮುಳ್ಳು ಮುರಿದು ಒಳಗೇ ಉಳಿದರೆ? ೨೦೦೨ರ ಜುಲೈನಲ್ಲಿ ಹೋವರ್ಡ್ ಬರ್ಮನ್ ಎಂಬ ಸದಸ್ಯರು, ಇಂತಹ ಪ್ರತಿಕ್ರಮಗಳನ್ನು ಕೈಗೊಳ್ಳುವ ಹಕ್ಕುದಾರರಿಗೆ ಕಾನೂನಿನ ರಕ್ಷಣೆ ಕೊಡುವ ಮಸೂದೆಯೊಂದನ್ನು ಅಮೆರಿಕದ ಶಾಸನಸಭೆಯಲ್ಲಿ ಮಂಡಿಸಿದರು. ಅದು ಶಾಸನವಾಗಲಿಲ್ಲ. ಹಾಗಾದುದು ಮೇಲಾಯಿತೆಂದೇ ನನಗೆ ತೋರುತ್ತದೆ. ಏಕೆಂದರೆ ೨೦೦೮ರ ಮೇ ತಿಂಗಳಿನಲ್ಲಿ ನಡೆದ ಸಂಗತಿಯನ್ನು ನೋಡಿ. ರಿವಿಷನ್ ಥ್ರೀ ಎಂಬ ಸಂಸ್ಥೆಯು ತನ್ನ ಸ್ವಂತ ಕಾರ್ಯಕ್ರಮಗಳನ್ನೇ ಬಿಟ್‌ಟೊರೆಂಟ್ ಮೂಲಕ ಹಂಚುತ್ತಿತ್ತು. ಅದರಲ್ಲಿ ಕಳವಿನ ಮಾತೇ ಇಲ್ಲ. ಮೀಡಿಯಾಡಿಫೆಂಡರ್ ಕಂಪೆನಿಯು ಅವರ ಯಂತ್ರದಲ್ಲಿ ತನ್ನ ಖೋಟಾ ಫೈಲುಗಳ ವಿವರಗಳನ್ನು ಸೇರಿಸುತ್ತ ಬಂದಿತ್ತು. ರಿವಿಷನ್ ಥ್ರೀಯವರು ಆ ಕಿಂಡಿಯನ್ನು ಮುಚ್ಚಿದೊಡನೆ ಕಂಪೆನಿಯ ಯಂತ್ರಗಳು ಅವರ ಯಂತ್ರಕ್ಕೆ ಬೇಡಿಕೆಗಳ ಮಳೆಗರೆದು ಅದನ್ನು ಕೆಡವಿದವು. ಕಳ್ಳರಿಗೆಂದು ಎಸೆದ ಕಲ್ಲು ನಿರಪರಾಧಿಯ ಅಂಗಡಿಗೆ ಬಿತ್ತು. ಗುಟ್ಟಾಗಿ ನಡೆಯುವ ಸುಳ್ಳಿಗೆ ಗುರಿ ತಪ್ಪದಂತೆ ಕಾಯುವವರಾರು?

ಕೊನೆಗೆ ಗೆಲವು ಯಾರದು? ೨೦೦೩ರ ಏಪ್ರಿಲ್ ೨೮ರಂದು ಆಪಲ್ ಕಂಪೆನಿಯು ಸುಮಾರು ೨ ಲಕ್ಷ ಹಾಡುಗಳಿಂದ ತನ್ನ ಐಟ್ಯೂನ್ಸ್ ಸಂಗೀತದಂಗಡಿಯನ್ನು ತೆರೆಯಿತು. ಒಂದು ಹಾಡಿಗೆ ೯೯ ಸೆಂಟು. ಮೊದಲ ವಾರದಲ್ಲಿಯೇ ಹತ್ತು ಲಕ್ಷ ಹಾಡುಗಳು ಮಾರಾಟವಾದವು. ಕಜಾದಲ್ಲಿ ಸರಿಯಾದ ಹಾಡನ್ನು ಹುಡುಕುತ್ತ ಹೊತ್ತು ಕಳೆಯುವವನು ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿದಂತಾಗುತ್ತದೆ ಎಂಬರ್ಥದ ಲೆಕ್ಕವನ್ನು ಅಂದು ಸ್ಟೀವ್ ಜಾಬ್ಸ್ ಮುಂದಿಟ್ಟರು. ಖೋಟಾ ಫೈಲುಗಳ ನಿಜವಾದ ಪರಿಣಾಮ ಈ ಲೆಕ್ಕದಲ್ಲಿದೆ. ಅವು ಕಳವನ್ನು ನಿಲ್ಲಿಸಲಿಲ್ಲ. ಕಳವಿಗೆ ಒಂದು ಬೆಲೆಯನ್ನು ಕಟ್ಟಿದವು, ಹೊತ್ತಿನ ರೂಪದಲ್ಲಿ. ಆದರೆ ಆ ಬೆಲೆಗೆ ಅರ್ಥ ಬಂದುದು ಪಕ್ಕದಲ್ಲಿ ಪ್ರಾಮಾಣಿಕವಾದ ಅಂಗಡಿಯೊಂದು ತೆರೆದ ಮೇಲೆಯೇ. ಅಂಗಡಿಯಿಲ್ಲದ ಊರಿನಲ್ಲಿ ಸಂತೆಯನ್ನು ಎಷ್ಟು ಕೆಡಿಸಿದರೂ ಜನ ಸಂತೆಗೇ ಹೋಗುತ್ತಾರೆ. ಓವರ್‌ಪಿಯರ್ ೨೦೦೫ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿತು. ೨೦೦೭ರ ಸೆಪ್ಟೆಂಬರಿನಲ್ಲಿ ಮೀಡಿಯಾಡಿಫೆಂಡರಿನ ಆರು ಸಾವಿರಕ್ಕೂ ಹೆಚ್ಚಿನ ಒಳಗಿನ ಪತ್ರಗಳು ಬಯಲಾಗಿ, ಅದರ ಗುಟ್ಟುಗಳು ಬೀದಿಗೆ ಬಂದವು.

ಈ ಪ್ರಸಂಗದಿಂದ ನಾನು ತಿಳಿದುಕೊಂಡದ್ದು ಇಷ್ಟು. ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಅಪರೂಪದ ಸರಕು ನಂಬಿಕೆ. ಅದನ್ನು ಕೆಡಿಸುವುದಕ್ಕೆ ಹಣ ಕೊಟ್ಟವರು ಸ್ವಲ್ಪ ಕಾಲ ಹೊತ್ತು ಗಳಿಸಿದರು. ಅದನ್ನು ನ್ಯಾಯವಾದ ಬೆಲೆಗೆ ಮಾರಿದವರು ಗಿರಾಕಿಗಳನ್ನು ಗಳಿಸಿದರು. ಹಾಡಿದವನ ಕೈಗೆ ಅವನ ಪಾಲು ಸರಿಯಾಗಿ ಸೇರುತ್ತಿದೆಯೆ ಎಂಬುದು ಬೇರೆಯೇ ಪ್ರಶ್ನೆ. ಅದು ಇಂದಿಗೂ ಮುಗಿದಿಲ್ಲ. ಅದಕ್ಕೆ ಉತ್ತರ ಹುಡುಕುವವರು ಜೊಳ್ಳಿನ ಮೂಟೆಗಳನ್ನು ಮತ್ತೆ ಕಟ್ಟುವ ಬದಲು, ಲೆಕ್ಕದ ಪುಸ್ತಕವನ್ನು ತೆರೆದಿಡುವುದು ಮೇಲು.